ಮಂಡ್ಯದ ಚುನಾವಣೆ ಅಂದ್ರೆ ಬರೀ ಜೋಡೆತ್ತು, ಎಲ್ಲಿದ್ದೀಯಪ್ಪ ಅಷ್ಟೇನಾ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಮಂಡ್ಯದ ಒಂದು ಟ್ರೋಲ್ ಪೇಜ್ 2019ರ ಲೋಕಸಭಾ ಚುನಾವಣೆಯ ಹಳೇ ವಿಡಿಯೊಗಳನ್ನು ಮತ್ತೆ ಹಾಕುತ್ತಿದೆ. ಅದೇ ‘ನಿಖಿಲ್ ಎಲ್ಲಿದ್ದೀಯಪ್ಪ’, ಕುಮಾರಸ್ವಾಮಿಯವರು ವೇದಿಕೆಯ ಮೇಲಿಂದ ಮಗನನ್ನು ಕರೆದ ಸಾಲು. ಅದೇ ಜೋಡೆತ್ತು, ಅಂದರೆ ನಟಿ ಸುಮಲತಾ ಪರ ಪ್ರಚಾರ ಮಾಡಿದ ನಟರಾದ ದರ್ಶನ್, ಯಶ್ ಜೋಡಿ. ಕಾಮೆಂಟ್‌ಗಳನ್ನು ಓದುತ್ತಾ ಹೋದೆ. ಅರ್ಧ ಜನ ಸುಮಲತಾ ಅವರಿಗೆ ಬೈದಿದ್ದಾರೆ, ಇನ್ನರ್ಧ ಜನ ನಿಖಿಲ್‌ಗೆ. ಕಬ್ಬಿನ ಬಗ್ಗೆ ಒಬ್ಬರೂ ಮಾತಾಡಿಲ್ಲ. ನಾಲೆ ನೀರಿನ ಬಗ್ಗೆಯೂ ಇಲ್ಲ. ನಡೆದದ್ದು ಮಂಡ್ಯದ ಚುನಾವಣೆ ರೀ!

ನಾನು ಮದ್ದೂರು ಕಡೆಯವಳು ಅಂತ ನಿಮಗೆಲ್ಲ ಗೊತ್ತು. ಊರಲ್ಲಿ ನಮ್ಮವ್ವ ಈಗಲೂ ಕಬ್ಬು ಬೆಳೆಯುತ್ತಾಳೆ. ಅದಕ್ಕೇ ನನಗೆ ಈ ವಿಡಿಯೊಗಳನ್ನು ನೋಡಿ ನಗು ಬರುವುದಿಲ್ಲ.

ಆ ಚುನಾವಣೆ ಸಣ್ಣದೇನೂ ಆಗಿರಲಿಲ್ಲ. ಸುಮಲತಾ ಎದುರಿಗೆ ನಿಂತಿದ್ದು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ, ಜೆಡಿಎಸ್‌ನ ನಿಖಿಲ್. ಕ್ಷೇತ್ರದ ಎಂಟಕ್ಕೆ ಎಂಟೂ ಶಾಸಕರು ಜೆಡಿಎಸ್‌ನವರು. ಪಕ್ಷೇತರರಾಗಿ ನಿಂತ ಸುಮಲತಾ ಅವರಿಗೆ ಬಿಜೆಪಿ ಬೆಂಬಲ ಕೊಟ್ಟಿತ್ತು. ದರ್ಶನ್, ಯಶ್ ಊರೂರು ಸುತ್ತಿದರು. ಕಣದಲ್ಲಿ ಸುಮಲತಾ ಅನ್ನೋ ಹೆಸರಿನ ಇನ್ನೂ ಮೂವರಿದ್ದರು. ಓಟು ಒಡೆಯುವ ಲೆಕ್ಕ ಅಂತ ಹಳ್ಳಿ ಕಟ್ಟೆಯ ಮೇಲೆ ಕೂತವರಿಗೂ ಅರ್ಥವಾಗಿತ್ತು. ಆದರೂ ಜನ ಕಹಳೆ ಊದುವ ರೈತನ ಗುರುತನ್ನು ಹುಡುಕಿ ಒತ್ತಿದರು. 1,25,876 ಓಟುಗಳ ಗೆಲುವು. ಅಷ್ಟು ಜಾಣತನದಿಂದ ಓಟು ಹಾಕಿದ ಜನರ ಬದುಕಿನ ವಿಷಯ ಮಾತ್ರ ಫೋನುಗಳ ಒಳಗೆ ಬರಲೇ ಇಲ್ಲ.

ಬಂದಿದ್ದೇನು? ಅವರು ಮಂಡ್ಯದ ಸೊಸೆ ಹೌದೋ ಅಲ್ವೋ. ಗೌಡ್ತಿ ಹೌದೋ ಅಲ್ವೋ. ಸೀರೆ ಯಾವುದು, ಕಣ್ಣೀರು ನಿಜವೋ ಸುಳ್ಳೋ. ಅವರ ಗಂಡ, ನಟ ಅಂಬರೀಶ್ ತೀರಿಕೊಂಡಿದ್ದು 2018ರ ನವೆಂಬರ್ 24ರಂದು. ಗಂಡ ಸತ್ತು ಇನ್ನೂ ಎಷ್ಟು ದಿನ ಆಯಿತು, ಈಗಲೇ ರಾಜಕೀಯ ಬೇಕಿತ್ತಾ ಅನ್ನುವ ಅರ್ಥದ ಮಾತನ್ನು ಆಗ ಸಚಿವರಾಗಿದ್ದ ಎಚ್.ಡಿ. ರೇವಣ್ಣ ಆಡಿದರು. ಕುಮಾರಸ್ವಾಮಿ ಆಮೇಲೆ ತಮ್ಮ ಅಣ್ಣನ ಮಾತಿಗೆ ಕ್ಷಮೆ ಕೇಳಿದರು ಅನ್ನಿ. ಆದರೆ ಫೇಸ್‌ಬುಕ್‌ನಲ್ಲಿ ಅದೇ ಮಾತನ್ನು ಇನ್ನೂ ಕೆಟ್ಟದಾಗಿ ಬರೆದವರು ಯಾರೂ ಕ್ಷಮೆ ಕೇಳಲಿಲ್ಲ.

ಆ ಮಾತು ನನಗೆ ಯಾಕೆ ಅಷ್ಟು ಚುಚ್ಚಿತು ಅಂತ ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಅಪ್ಪ ಹೋದಾಗ ಕಬ್ಬು ಕಟಾವಿಗೆ ನಿಂತಿತ್ತು. ತಿಥಿ ಮುಗಿದ ವಾರದೊಳಗೇ ಅವ್ವ ಗದ್ದೆಗೆ ಇಳಿದಳು. ಆಳುಗಳ ಜೊತೆ ಮಾತಾಡಿದಳು, ಲಾರಿಗೆ ಹೇಳಿದಳು, ಫ್ಯಾಕ್ಟರಿಗೆ ಅಲೆದಳು. ಊರಲ್ಲಿ ಆಡಿಕೊಂಡರು. ಇಷ್ಟು ಬೇಗ ಹೊರಗೆ ಬಂದಳಲ್ಲ ಅಂದರು. ಕಬ್ಬು ಕಾಯುತ್ತಾ? ಸಾಲ ಕೊಟ್ಟವರು ಕಾಯುತ್ತಾರಾ? ಗಂಡ ಸತ್ತ ಹೆಂಗಸು ಎಷ್ಟು ದಿನ ಮೂಲೆಯಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರು ಸಿನಿಮಾದವರಾಗಲಿ, ಗದ್ದೆಯವರಾಗಲಿ.

ಹಾಗಂತ ಸುಮಲತಾ ಅವರನ್ನು ಪ್ರಶ್ನೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಜಾಸ್ತಿಯೇ ಪ್ರಶ್ನೆ ಮಾಡಬೇಕಿತ್ತು. ನಿಖಿಲ್ ಅವರನ್ನೂ ಅಷ್ಟೇ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುವುದು ಕೇಂದ್ರ ಸರ್ಕಾರ. ಅಂದರೆ ಸಂಸದರು ಬಾಯಿ ಬಿಡಬೇಕಾದ ಜಾಗ ಅದೇ. ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸಿಗಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮ ಮನೆಗೆ ಒಂದು ಫ್ಯಾಕ್ಟರಿಯಿಂದ ಹಣ ಬಂದಿದ್ದು ತಿಂಗಳುಗಟ್ಟಲೆ ಕಾದ ಮೇಲೆ. ಬಡ್ಡಿಯ ಮಾತೇ ಇಲ್ಲ. ಇದನ್ನು ಸಂಸತ್ತಿನಲ್ಲಿ ಎತ್ತುತ್ತೀರಾ ಅಂತ ಆ ಇಬ್ಬರಲ್ಲಿ ಯಾರ ಲೈವ್ ವಿಡಿಯೊ ಕೆಳಗಾದರೂ ಯಾರಾದರೂ ಕೇಳಿದ್ದನ್ನು ನಾನಂತೂ ನೋಡಲಿಲ್ಲ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಶುಗರ್ ಆಗ ಸೊರಗಿ ಹೋಗಿತ್ತು. ಮತ್ತೆ ಕಬ್ಬು ಅರೆಯಲು 2022 ಬರಬೇಕಾಯಿತು. ಸಂಸದರಿಗೆ ವರ್ಷಕ್ಕೆ 5 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತದೆ. ಅದನ್ನು ಯಾವ ಊರಿಗೆ, ಯಾವುದಕ್ಕೆ ಅಂತಲೂ ಕೇಳಲಿಲ್ಲ.

ಗೆದ್ದ ಮೇಲಾದರೂ ಕೇಳಿದೆವಾ? 2021ರಲ್ಲಿ ಸುಮಲತಾ ಅವರು ಕೆಆರ್‌ಎಸ್ ಸುತ್ತಲಿನ ಅಕ್ರಮ ಕಲ್ಲು ಗಣಿಗಾರಿಕೆ ಬಗ್ಗೆ ದನಿ ಎತ್ತಿದರು. ಅಣೆಕಟ್ಟಿಗೆ ಅಪಾಯ ಇದೆಯೋ ಇಲ್ಲವೋ, ಅದು ಅಲ್ಲಿಂದ ನೀರು ತರುವ ನಮ್ಮ ವಿ.ಸಿ. ನಾಲೆಯ ಅಚ್ಚುಕಟ್ಟಿನ ಪ್ರತಿ ಮನೆಯ ಪ್ರಶ್ನೆ. ಅಣೆಕಟ್ಟಿನ ಹತ್ತಿರದ ಬೇಬಿಬೆಟ್ಟದ ಗಣಿ ಸ್ಫೋಟದ ಬಗ್ಗೆ ಎಷ್ಟು ಚರ್ಚೆ ಆಗಬೇಕಿತ್ತು! ಆಗಿದ್ದು, ಸಂಸದರನ್ನೇ ಅಣೆಕಟ್ಟೆಯ ಗೇಟಿಗೆ ಅಡ್ಡ ಮಲಗಿಸಬೇಕು ಅನ್ನುವ ಕುಮಾರಸ್ವಾಮಿಯವರ ಮಾತಿನ ಸುತ್ತ ಜಗಳ. ಮತ್ತೆ ಎರಡು ಗುಂಪು. ಮತ್ತೆ ಮೀಮ್. ಕಲ್ಲು ಗಣಿ ಎಲ್ಲರಿಗೂ ಮರೆತೇ ಹೋಯಿತು.

‘ಅದಕ್ಕೇ ಸಿನಿಮಾದವರು ರಾಜಕೀಯಕ್ಕೆ ಬರಬಾರದು’ ಅಂತ ಗೆಳೆಯರೊಬ್ಬರು ನಿನ್ನೆಯೇ ವಾದ ಮಾಡಿದರು. ಒಪ್ಪುವುದಿಲ್ಲ. ಚುನಾವಣೆಗೆ ನಿಲ್ಲೋದು ಎಲ್ಲರ ಹಕ್ಕು. ವಕೀಲರು, ಗುತ್ತಿಗೆದಾರರು, ಜಮೀನ್ದಾರರು ನಿಲ್ಲಬಹುದು, ನಟಿ ನಿಲ್ಲಬಾರದಾ? ಮಂಡ್ಯದ ಜನ 2013ರ ಉಪಚುನಾವಣೆಯಲ್ಲಿ ನಟಿ ರಮ್ಯಾ ಅವರನ್ನು ಗೆಲ್ಲಿಸಿ, ಮಾರನೇ ವರ್ಷವೇ ಸುಮಾರು 5,500 ಓಟುಗಳಿಂದ ಸೋಲಿಸಿದವರು. ಸ್ಟಾರ್ ಅಂತ ಕಣ್ಣು ಮುಚ್ಚಿ ಕೂತವರಲ್ಲ.

ಇನ್ನೊಬ್ಬರದು, ‘ಎಲ್ಲಿದ್ದೀಯಪ್ಪ ಅನ್ನೋದು ಕುಟುಂಬ ರಾಜಕಾರಣದ ಮೇಲಿನ ಜನರ ಸಿಟ್ಟು, ಅದನ್ನೂ ಬೇಡ ಅಂತೀರಾ’ ಅನ್ನುವ ಮಾತು. ಸಿಟ್ಟು ನಿಜ. ನನಗೂ ಇತ್ತು. ಆದರೆ 2023ರಲ್ಲಿ ರಾಮನಗರದಲ್ಲಿ ಅದೇ ಸಾಲು, 2024ರಲ್ಲಿ ಚನ್ನಪಟ್ಟಣದಲ್ಲಿ ಅದೇ ಸಾಲು. ನಿಖಿಲ್ ಮೂರು ಸಲ ಸೋತರು. ಅವರ ರೇಷ್ಮೆ ನೀತಿ ಏನು, ನೀರಾವರಿಗೆ ಏನು ಮಾಡುತ್ತಾರೆ ಅಂತ ಆ ಮೀಮ್ ಹಂಚಿದ ಎಷ್ಟು ಜನಕ್ಕೆ ಗೊತ್ತು? ಆ ಒಂದು ಸಾಲು ಹೇಳಿಬಿಟ್ಟರೆ ಪ್ರಶ್ನೆ ಕೇಳಿದ ಹಾಗೇ ಅಂತ ಅಂದುಕೊಂಡುಬಿಟ್ಟಿದ್ದೇವೆ. ಅಭಿಮಾನಿಗಳ ಜೈಕಾರದಲ್ಲೂ ಅಷ್ಟೇ, ಟ್ರೋಲ್‌ನಲ್ಲೂ ಅಷ್ಟೇ, ಅಭ್ಯರ್ಥಿಗೆ ಉತ್ತರ ಕೊಡುವ ಕಷ್ಟವೇ ಇಲ್ಲ.

ಆ ಪೇಜ್ ನಡೆಸುವ ಹುಡುಗರು ನಮ್ಮ ಜಿಲ್ಲೆಯವರೇ. ಅವರ ಮನೆಗಳಲ್ಲೂ ಕಬ್ಬು ಇದ್ದೇ ಇರುತ್ತದೆ. ಅಣ್ಣಂದಿರಾ, ತಮ್ಮಂದಿರಾ, ಒಂದು ವಾರ ಆ ವಿಡಿಯೊ ಬಿಡಿ. 14 ದಿನದ ನಿಯಮ, ಶೇ 15ರ ಬಡ್ಡಿ, ಇವೆರಡನ್ನೇ ಹಾಕಿ. ಯಾವ ಫ್ಯಾಕ್ಟರಿ ಎಷ್ಟು ತಿಂಗಳು ಬಾಕಿ ಇಟ್ಟಿದೆ ಅಂತ ಜನರನ್ನೇ ಕೇಳಿ. ಬರೆದುಕೊಡುವುದಕ್ಕೆ ನಾನಿದ್ದೇನೆ, ಮೆಸೇಜ್ ಮಾಡಿ.