ಹರಿದ ನೋಟಿಗೇ ಬೆಲೆ ಜಾಸ್ತಿ

ಹುಬ್ಬಳ್ಳಿ ಎಪಿಎಂಸಿಯ ನಮ್ಮಪ್ಪನ ದಲಾಲಿ ಅಂಗಡಿಗೆ ಟೇಪು ಹಚ್ಚಿದ ನೋಟು ಬಂದರೆ ಗುಮಾಸ್ತ ಬೆಳಕಿಗೆ ಹಿಡಿದು ನೋಡಿ, 'ಇದ ನಡಿಯಂಗಿಲ್ರೀ, ಬ್ಯಾರೇದ ಕೊಡ್ರಿ' ಅನ್ನುತ್ತಿದ್ದ. ದುಬೈನ ದೇರಾದಲ್ಲಿ ಅಕ್ಕಿ ರಫ್ತಿನ ಲೆಕ್ಕ ಬರೆಯುವ ನನಗೆ ಇದರ ಉಲ್ಟಾ ನೋಡಲು ಸಿಕ್ಕಿತು. ಯೆಮೆನ್ನಿನ ವ್ಯಾಪಾರಿಯೊಬ್ಬರು ಸಾವಿರ ರಿಯಾಲಿನ ಎರಡು ನೋಟು ಮೇಜಿನ ಮೇಲಿಟ್ಟರು. ಒಂದು ಗರಿಗರಿ. ಇನ್ನೊಂದು ಮಡಿಕೆಯಲ್ಲೇ ಹರಿದು, ಟೇಪಿನ ದಯದಿಂದ ಉಳಿದದ್ದು. 'ಯಾವುದು ಬೇಕು?' ಅಂದರು. ಗರಿಗರಿಯದಕ್ಕೆ ಕೈ ಹಾಕಿ ನಗೆಪಾಟಲಾದೆ.

ಯೆಮೆನ್ನಿನ ಸರ್ಕಾರ 2016ರಲ್ಲಿ ಕೇಂದ್ರ ಬ್ಯಾಂಕನ್ನು ರಾಜಧಾನಿ ಸನಾದಿಂದ ದಕ್ಷಿಣದ ಬಂದರು ಏಡನ್‌ಗೆ ಸಾಗಿಸಿತು. ಸನಾವನ್ನು ಹಿಡಿದ ಬಂಡುಕೋರ ಹೌತಿಗಳು ಅಲ್ಲಿನ ಬ್ಯಾಂಕನ್ನು ಬಿಟ್ಟುಕೊಡಲಿಲ್ಲ. ಏಡನ್‌ನವರು ಅಚ್ಚು ಹಾಕಿಸಿದ ಹೊಸ ನೋಟನ್ನು ಹೌತಿಗಳು 2019ರ ಡಿಸೆಂಬರಿನಲ್ಲಿ ತಮ್ಮ ಸೀಮೆಯಲ್ಲಿ ನಿಷೇಧಿಸಿಯೂಬಿಟ್ಟರು. ಹೀಗಾಗಿ ಸನಾದಲ್ಲಿ ಹಳೇ ನೋಟು, ಎಷ್ಟೇ ಹರಿದಿರಲಿ, ಅದೇ ದುಡ್ಡು. 2024ರ ಕೊನೆಗೆ ಏಡನ್‌ನಲ್ಲಿ ಡಾಲರಿಗೆ 2000 ರಿಯಾಲ್ ದಾಟಿತ್ತು. ಸನಾದಲ್ಲಿ 530ರ ಆಸುಪಾಸು. ಅಂದರೆ ಹರಿದ ಹಳೇ ನೋಟಿಗೇ ಡಾಲರು ಹೆಚ್ಚು ಸಿಗುತ್ತಿತ್ತು.

'ಅಲ್ಲೋ ತಮ್ಮಾ, ಯುದ್ಧ ನಡಿಯೂ ಊರಿಗೆ ಮಾಲ ಕಳಸ್ತೀರಿ, ರೊಕ್ಕಾ ಯಾರ ಕೊಡ್ತಾರ?' ಅಂತ ಸೋದರಮಾವ ಫೋನಿನಲ್ಲಿ ಕೇಳುತ್ತಾನೆ. ರೊಕ್ಕ ಬರುತ್ತದೆ, ನಮ್ಮೂರಿಗಿಂತ ಬೇಗ ಬರುತ್ತದೆ. ನಮ್ಮ ಪೇಟೆಯ ಉದ್ರಿ ಸುಗ್ಗಿ ಕಾಯುತ್ತದೆ, ದೀಪಾವಳಿ ಕಾಯುತ್ತದೆ, ಕೆಲವರದು ಇನ್ನೂ ಕಾಯುತ್ತಲೇ ಇದೆ. ನಾನು ಕಂಡ ಏಡನ್ ಗಿರಾಕಿ ಅರ್ಧ ಮುಂಗಡ ಕೊಟ್ಟು, ಉಳಿದದ್ದನ್ನು ಹಡಗಿನ ಕಾಗದಪತ್ರ ಕೈಸೇರುವ ಮೊದಲೇ ಡಾಲರಿನಲ್ಲಿ ಕಳಿಸುತ್ತಾನೆ. ಇದನ್ನು ಪ್ರಾಮಾಣಿಕತೆ ಅಂತ ಹೊಗಳಲು ನಾನು ತಯಾರಿಲ್ಲ. ರಿಯಾಲನ್ನು ತಿಂಗಳು ಪೆಟ್ಟಿಗೆಯಲ್ಲಿಟ್ಟರೆ ಅದು ಎಷ್ಟಕ್ಕಿಳಿಯುತ್ತದೋ ಅನ್ನುವ ಹೆದರಿಕೆ ಅದು. ಉದ್ರಿ ಮಾಡಲಿಕ್ಕೂ ನಾಳೆಯ ಮೇಲೆ ಒಂಚೂರು ನಂಬಿಕೆ ಬೇಕಲ್ಲ.

ಹಾಗಂತ ಉದ್ರಿ ಸತ್ತಿಲ್ಲ, ಕೆಳಗಿನ ಚಿಲ್ಲರೆ ಅಂಗಡಿಗೆ ಇಳಿದಿದೆ. ಏಡನ್ ಬಂದರಿನಲ್ಲಿ ಸುಂಕ ಕಟ್ಟಿದ ಮೂಟೆ ಹೌತಿಗಳ ಸೀಮೆಗೆ ಹೊಕ್ಕರೆ ಮತ್ತೆ ಸುಂಕ. ದಾರಿಯ ನಾಕಾಗಳಲ್ಲಿ ಕೈಬೆಚ್ಚಗೆ ಮಾಡುವುದು ಬೇರೆ. ಜಿಎಸ್‌ಟಿ ಬಂದ ಮೇಲೆ ನಮ್ಮ ಲಾರಿಗಳಿಗೆ ಗಡಿಯ ತೆರಿಗೆ ನಾಕಾ ಮರೆತೇಹೋಗಿದೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ವಿಮೆಯೂ ಏರಿತು. ಅದೆಲ್ಲ ಬಂದು ಕೂರುವುದು ಸನಾದ ಓಣಿಯ ಕಿರಾಣಿ ಅಂಗಡಿಯ ಕಿಲೋ ಅಕ್ಕಿಯ ಮೇಲೆ. ಅಲ್ಲಿ ಸರ್ಕಾರಿ ನೌಕರರಿಗೆ 2016ರಿಂದ ಸಂಬಳ ಸರಿಯಾಗಿಲ್ಲ. ಮೇಷ್ಟ್ರು ಬಂದು ನಿಂತರೆ ಅಂಗಡಿಯವ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಾನೆ, ಥೇಟ್ ನಮ್ಮೂರಿನಂತೆ. 'ಯುದ್ಧದಾಗ ಲಾಭ ಭಾಳ' ಅನ್ನುವವರಿಗೆ ಆ ಪುಸ್ತಕ ತೋರಿಸಬೇಕು ಅನಿಸುತ್ತದೆ.

ಇಷ್ಟೆಲ್ಲ ಕೇಳಿದ ಮಾವನ ತಲೆಯಲ್ಲಿ ನಿಂತದ್ದು 'ಅರ್ಧ ಮುಂಗಡ' ಒಂದೇ. 'ಗಂಗಾವತಿ ಸೋನಾ ಮಸೂರಿ ಕಳಸೂಣೇನ?' ಅಂದ.

'ಅವರಿಗದು ಬ್ಯಾಡ ಮಾಮಾ. ಉದ್ದ ಕಾಳಿನ ಬಾಸ್ಮತಿ ಸೆಲ್ಲಾ, ಅಂದ್ರ ಕುಚ್ಚಿದ ಅಕ್ಕೀನ ಬೇಕು.'