ಡೊಂಕು ಹೊಳೆಗೆ ಬಂದ ನಾಯಿ

ಮಗನ ಮನೆ ಸಿಂಗಪುರದ ಬಿಶಾನ್‌ನಲ್ಲಿ. ಮೂವತ್ತು ದಿನದ ವೀಸಾದ ಮೇಲೆ ಬಂದ ನನಗೆ ಎರಡನೇ ದಿನಕ್ಕೇ ಬೇಸರ ಹತ್ತಿತು. ರಂಗೋಲಿ ಹಾಕೋಣವೆಂದರೆ ಹನ್ನೆರಡನೇ ಮಹಡಿ. ಮಾತಾಡೋಣವೆಂದರೆ ಲಿಫ್ಟಿನಲ್ಲಿ ಎಲ್ಲರ ತಲೆಯೂ ಮೊಬೈಲಿನೊಳಗೆ. "ಪಾರ್ಕಿಗೆ ಹೋಗಮ್ಮ, ನೀರುನಾಯಿ ಸಿಕ್ಕರೂ ಸಿಕ್ಕಾವು" ಅಂದ ಮಗ. ಕಂಪ್ಲಿಯಲ್ಲಿ ಹುಟ್ಟಿ ತುಂಗಭದ್ರೆಯಲ್ಲಿ ಬಟ್ಟೆ ಒಗೆದವಳು ನೀರುನಾಯಿ ನೋಡಲು ವಿಮಾನ ಹತ್ತಬೇಕಾಯಿತೆ?

ನಮ್ಮ ಕಡೆ ಅದಕ್ಕೆ ಒಳ್ಳೆಯ ಹೆಸರಿಲ್ಲ. ಹರಿಗೋಲಿನವರು ಹರಿದ ಬಲೆ ಎತ್ತಿ ಹಿಡಿದು ಅದರ ಏಳು ತಲೆಮಾರನ್ನು ಬೈಯುವುದನ್ನು ಕೇಳಿದ್ದೆನೇ ಹೊರತು ಪ್ರಾಣಿಯನ್ನು ಕಂಡದ್ದು ಒಂದೆರಡು ಸಲ, ಅದೂ ಬಂಡೆಯ ಪಕ್ಕ ತಲೆಯಷ್ಟೇ. 2015ರಲ್ಲಿ ಸರಕಾರ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗೆಂದೇ ಮೀಸಲಿಟ್ಟಾಗ ನಮ್ಮ ಓಣಿಯಲ್ಲಿ ಆದ ಚರ್ಚೆ ಒಂದೇ: "ನಾಯಿಗೂ ಮೀಸಲಾತಿ ಬಂತಲ್ರೀ!"

ಬಿಶಾನ್ ಪಾರ್ಕಿನಲ್ಲಿ ಹರಿಯುವುದು ಕಲ್ಲಾಂಗ್ ನದಿ. ತುಂಗಭದ್ರೆಯನ್ನು ಕೇಳಿದರೆ ಇದನ್ನು ಕಾಲುವೆ ಅಂದಾಳು. ಹಿಂದೆ ಇದು ನಿಜಕ್ಕೂ ಕಾಲುವೆಯೇ. 2.7 ಕಿಲೋಮೀಟರ್ ಸಿಮೆಂಟು, ಸ್ಕೇಲಿಟ್ಟು ಎಳೆದಂತೆ ನೆಟ್ಟಗೆ. ಮಳೆನೀರು ಬೇಗ ಓಡಲಿ ಎಂದು ಕಟ್ಟಿದ್ದು, ಓಡುತ್ತಲೂ ಇತ್ತು. ಮೀನಿಗೆ ಮರೆಯಿಲ್ಲ, ಹುಳಕ್ಕೆ ಮಣ್ಣಿಲ್ಲ, ಕೊಕ್ಕರೆಗೆ ಕಾಲೂರಲು ದಡವಿಲ್ಲ. ಆ ಸಿಮೆಂಟನ್ನು ಒಡೆದು, ಚೂರುಗಳಿಂದ ಪಕ್ಕದಲ್ಲೇ ಒಂದು ದಿಬ್ಬ ಮಾಡಿ, ಹೊಳೆಗೆ ಬಳುಕು ಕೊಟ್ಟು, ದಡಕ್ಕೆ ಹುಲ್ಲು ಗಿಡ ಹಚ್ಚಿ 2012ರಲ್ಲಿ ಬಿಟ್ಟುಕೊಟ್ಟರು. ಅದೇ ಹೊಳೆ ಈಗ 3.2 ಕಿಲೋಮೀಟರ್. ಅರ್ಧ ಕಿಲೋಮೀಟರ್ ಬರೀ ಡೊಂಕಿನ ಲಾಭ!

ನೆಟ್ಟಗಿದ್ದುದನ್ನು ದುಡ್ಡು ಕೊಟ್ಟು ಡೊಂಕು ಮಾಡಿಸಿದವರನ್ನು ನಾನು ಕಂಡದ್ದು ಇಲ್ಲೇ. ನಮ್ಮ ಗಾದೆಯಲ್ಲಿ ನಾಯಿಬಾಲಕ್ಕೆ ದಬ್ಬೆ ಕಟ್ಟಿ ಸೋತವರೇ ಎಲ್ಲ. ಇವರು ಹೊಳೆ ಡೊಂಕು ಮಾಡಿದರು, ಎರಡು ವರ್ಷಕ್ಕೆ ನಾಯಿಯೇ ಬಂತು. ತಮಾಷೆಯೆಂದರೆ ಈ ನಾಯಿಯ ಬಾಲ ಡೊಂಕಲ್ಲ. ದೋಣಿಯ ಹುಟ್ಟಿನಂತೆ ತುದಿ ಚಪ್ಪಟೆ.

1970ರ ಹೊತ್ತಿಗೆ ಈ ದ್ವೀಪದಲ್ಲಿ ಅವು ಇಲ್ಲವೇ ಆಗಿದ್ದವು. ಹೊಳೆಗಳಿಗೆ ಹಂದಿದೊಡ್ಡಿಯ ಗಲೀಜು, ಬಾತುಕೋಳಿ ಸಾಕಣೆಯ ಗಲೀಜು. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ, ಹತ್ತು ವರ್ಷದೊಳಗೆ ಇಲ್ಲಿ ಮೀನು ಹಿಡಿಯುವಂತಾಗಬೇಕು ಅಂದರು. ಹೊಳೆ ತೊಳೆದರು. 1998ರಲ್ಲಿ ಉತ್ತರದ ಜೌಗಿನಲ್ಲಿ ನೀರುನಾಯಿ ಮತ್ತೆ ಕಾಣಿಸಿತು, ಮಲೇಷ್ಯಾದಿಂದ ಜೊಹೋರ್ ಜಲಸಂಧಿ ಈಜಿ ಬಂದಿರಬೇಕಂತೆ. ಅದಕ್ಕೆ ಮೂವತ್ತು ದಿನದ ಲೆಕ್ಕ ಹೇಳಿದವರಿಲ್ಲ.

ನಾಲ್ಕನೇ ಬೆಳಿಗ್ಗೆ ಕಂಡವು. ಮೊದಲು ಕೀಚುದನಿ, ಆಮೇಲೆ ಒಂಬತ್ತು ತಲೆ. ನಮ್ಮ ತುಂಗಭದ್ರೆಯದೇ ಜಾತಿ, ಆದರೆ ಈ ಸಂಸಾರಕ್ಕೆ ಸಂಕೋಚವೇ ಇಲ್ಲ. ಒಂದು ನನ್ನೆದುರೇ ಜಿಲೇಬಿ ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯಿಂದ ಕಟಕಟ ಕಡಿಯಿತು, ನಮ್ಮ ಮೊಮ್ಮಗ ಕಬ್ಬು ತಿಂದಂತೆ. ಹಿಂದೆಯೇ ಒಂದು ಬೆಳ್ಳಕ್ಕಿ. ನೀರುನಾಯಿ ಬೆದರಿಸಿದ ಮೀನು ದಡಕ್ಕೆ ಬಂದರೆ ಇದು ಕುಕ್ಕುತ್ತದೆ. ಪಂಕ್ತಿಯ ಕೊನೆಗೆ ಬಂದು ಕೂತು ಹೋಳಿಗೆ ಕೇಳುವ ದೂರದ ನೆಂಟನ ಗತ್ತು. ಮಿಂಚುಳ್ಳಿ ಮಾತ್ರ ಯಾರ ಹಂಗೂ ಇಲ್ಲದೆ ಕಲ್ಲಿನ ಮೇಲೆ ಕೂತಿತ್ತು. ಸುತ್ತ ನಲವತ್ತು ಕ್ಯಾಮೆರಾ. ಕಂಪ್ಲಿಯವರು ಕಂಡರೆ ನಕ್ಕಾರು ಅಂದುಕೊಂಡೆ, ನಾನೂ ಫೋನು ತೆಗೆದಿದ್ದೆ.

ವಾಪಸು ಬರುವಾಗ ಪಕ್ಕದ ಬೀದಿಯ ಬಂಗಲೆಯೆದುರು ಗದ್ದಲ. ಅಂಗಳದ ಕೊಳದಲ್ಲಿ ಸಾಕಿದ ದುಬಾರಿ ಕೋಯಿ ಮೀನುಗಳಲ್ಲಿ ರಾತ್ರಿ ಕಳೆದು ಉಳಿದದ್ದು ಎರಡು ತಲೆ. ಬನಿಯನ್ ತೊಟ್ಟ ಯಜಮಾನರು ಅವನ್ನು ಕೈಯಲ್ಲಿ ಹಿಡಿದು ಚೀನೀ ಭಾಷೆಯಲ್ಲಿ ಕೂಗುತ್ತಿದ್ದರು. ನನಗೆ ಒಂದಕ್ಷರ ತಿಳಿಯದು. ಆದರೆ ರಾಗ ಗುರುತು ಸಿಕ್ಕಿತು. ನಮ್ಮ ಹರಿಗೋಲಿನವರದೇ.