ಗೇರ್ 21, ಉಸಿರು ಒಂದೇ

ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವನು ನಾನು. ಹೈಸ್ಕೂಲಿಗೆ ಬರುವ ಹೊತ್ತಿಗೆ ಕ್ಯಾರಿಯರ್ ಮೇಲೆ ರಾಗಿ ಮೂಟೆ, ಬಾರ್ ಮೇಲೆ ತಮ್ಮನನ್ನು ಕೂರಿಸಿಕೊಂಡು ಮಿಲ್ಲಿಗೆ ಹೋಗಿ ಬರುತ್ತಿದ್ದೆ. ಆ ಹಳೇ ಧೈರ್ಯದ ಮೇಲೆಯೇ 47ನೇ ವಯಸ್ಸಿನಲ್ಲಿ 21 ಗೇರಿನ ಸೈಕಲ್ ತಂದು, ಮೊದಲ ಭಾನುವಾರವೇ ಚಾಮುಂಡಿ ಬೆಟ್ಟಕ್ಕೆ ಹೊರಟೆ.

"ರೀ, ಮೊದಲು ಮಾನಸಗಂಗೋತ್ರಿವರೆಗಾದರೂ ಹೋಗ್ಬನ್ನಿ" ಅಂದಳು ಹೆಂಡತಿ. ಸಪಾಟು ರಸ್ತೆಯಲ್ಲಿ ತುಳಿಯಲು ಇಷ್ಟು ದುಡ್ಡು ಕೊಟ್ಟು ಗೇರ್ ಯಾಕೆ ತರಬೇಕಿತ್ತು?

ಸ್ಪಂಜಿನ ಮೆತ್ತೆಯಿರುವ ಸೈಕಲ್ ಚಡ್ಡಿಯನ್ನೂ ಕೊಂಡಿದ್ದೆ. ಅದರೊಳಗೆ ಬೇರೇನೂ ಹಾಕಿಕೊಳ್ಳಬಾರದು ಅನ್ನುವುದನ್ನು ಅಂಗಡಿಯವನು ನಾಚಿಕೆಗೋ ಏನೋ ಹೇಳಿರಲಿಲ್ಲ. ನಾನು ಮರ್ಯಾದಸ್ಥನಂತೆ ಒಳಗೂ ಒಂದನ್ನು ಹಾಕಿದ್ದೆ. ಅದರ ಹೊಲಿಗೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಮುಂದಿನ ಮೂರು ದಿನ ಆಫೀಸಿನ ಕುರ್ಚಿ ನನಗೆ ತಿಳಿಸಿಕೊಟ್ಟಿತು.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ಊರಿಂದ ಹತ್ತಬೇಕಾದ್ದು 300 ಮೀಟರಿನಷ್ಟೇ ಅಂತ ಲೆಕ್ಕ ಹಾಕಿಕೊಂಡಿದ್ದೆ. ಈ 'ಅಷ್ಟೇ' ಎರಡನೇ ತಿರುವಿನಲ್ಲಿ ಮುಗಿಯಿತು. ಮುಂದೆ 3 ಹಲ್ಲುಚಕ್ರ, ಹಿಂದೆ 7. ಏರಿನಲ್ಲಿ ಮುಂದೆ ಚಿಕ್ಕದು, ಹಿಂದೆ ದೊಡ್ಡದು ಇರಬೇಕಂತೆ. ನಾನೋ, ನಂಬರ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚೆಂದುಕೊಂಡು ಎರಡನ್ನೂ ಕೊನೆಗೆ ತಳ್ಳಿದ್ದೆ. ಮಂಡಿ ಕಿರುಗುಟ್ಟಿತು. ಗಾಬರಿಯಲ್ಲಿ, ಜೋರಾಗಿ ತುಳಿಯುತ್ತಲೇ ಗೇರ್ ಬದಲಿಸಿದೆ. ಕಟಕಟ, ಕಟ್ಟ್! ಚೈನು ಕಳಚಿ ಕಾಲು ಗಾಳಿಯಲ್ಲಿ ತಿರುಗಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಕಿಟಕಿಯಿಂದ ಒಂದು ಮಗು ಟಾಟಾ ಮಾಡಿತು. ನಾನೂ ಕೈ ಎತ್ತಿದೆ. ಎತ್ತಬಾರದಿತ್ತು.

ಚರಂಡಿಯಂಚಿನಲ್ಲಿ ಕೂತು, ಗ್ರೀಸು ಮೆತ್ತಿದ ಕೈಯಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದಾಗ ಇಳಿಜಾರಿನಲ್ಲಿ ಒಂದು ಲಗೇಜ್ ಆಟೋ ಬಂದು ನಿಂತಿತು.

"ಪಂಚರ್ರಾ ಸಾರ್?"

"ಹೂಂ."

ಅವನು ಇಳಿದು ಎರಡೂ ಟೈರ್ ಒತ್ತಿ ನೋಡಿದ. ಕಲ್ಲಿನ ಹಾಗಿದ್ದವು. ನನ್ನ ಮುಖ ನೋಡಿ, ಏನೂ ಮಾತಾಡದೆ ಸೈಕಲ್ ಎತ್ತಿ ಹಿಂದೆ ಮಲಗಿಸಿದ. ಆ ಮೌನಕ್ಕೇ ಐವತ್ತು ರೂಪಾಯಿ ಹೆಚ್ಚು ಕೊಟ್ಟೆ.

ಸವಾರಿಯ ವೇಗ ಅಳೆದು ಗೆಳೆಯರಿಗೂ ತೋರಿಸುವ ಫೋನಿನ ಆ್ಯಪ್ ನಿಲ್ಲಿಸುವುದು ಮಾತ್ರ ಮರೆತಿದ್ದೆ. ಆಟೋದ ವೇಗವೆಲ್ಲ ನನ್ನ ಖಾತೆಗೆ ಜಮೆಯಾಗಿ, ಸಂಜೆಯೊಳಗೆ ಅಭಿನಂದನೆಗಳು ಬಂದವು. "ಮುಂದಿನ ವಾರ ನಾನೂ ಬರ್ತೀನಿ ಸಾರ್, ಸ್ವಲ್ಪ ನಿಧಾನಕ್ಕೆ ಹೋಗಿ" ಅಂತ ಆಫೀಸಿನ ಹುಡುಗ ಬರೆದಿದ್ದ. ಆ ವಾರ ನನಗೆ 'ಜ್ವರ' ಬಂತು.

ಸೈಕಲ್ ರಿಪೇರಿಯವರು ಸೀಟನ್ನು ಎರಡು ಬೆರಳು ಏರಿಸಿಕೊಟ್ಟರು. ಪೆಡಲು ತೀರಾ ಕೆಳಗಿದ್ದಾಗ ಮಂಡಿ ಚೂರೇ ಬಗ್ಗಿರಬೇಕಂತೆ. ಸೀಟು ತಗ್ಗಿದ್ದರೆ ಮಂಡಿಗೇ ಏಟು. ಮಾತಾಡುತ್ತಾ ತುಳಿಯುವಷ್ಟು ಉಸಿರಿದ್ದರೆ ಸಾಕು, ಆರಂಭಕ್ಕೆ ಅದೇ ಸರಿಯಾದ ವೇಗ ಅಂತಲೂ ಅಂದರು.

ಒಬ್ಬನೇ ಏನು ಮಾತಾಡಲಿ? ಮಗ್ಗಿ ಹೇಳಿಕೊಳ್ಳುತ್ತೇನೆ. ಈಗ ಒಂದು ತಿಂಗಳಿಂದ ಬೆಳಿಗ್ಗೆ ಆರಕ್ಕೆ, ಹೆಂಡತಿ ಹೇಳಿದ್ದ ಅದೇ ಮಾನಸಗಂಗೋತ್ರಿಯ ದಾರಿ. ಹನ್ನೆರಡರ ಮಗ್ಗಿ ಸಲೀಸು. ನಿನ್ನೆ ಸಣ್ಣ ಏರಿನಲ್ಲಿ "ಹದಿಮೂರೇಳಲೆ..." ಅಂದು ನಿಂತುಹೋದೆ. ತಪ್ಪಿದ್ದು ಉಸಿರೋ, ಲೆಕ್ಕವೋ ತಿಳಿಯಲಿಲ್ಲ.

ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ತಿರುಗಿಯೂ ನೋಡದೆ ಅಂದರು: "ತೊಂಬತ್ತೊಂದು. ತುಳೀರಿ."